ಜಗಲಿಯ ಮೇಲಿಟ್ಟ ಚೊಂಬು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ವಾಸನೆ ಬಂದರೆ ಈಗಲೂ ನನಗೆ ಒಂಟಿಕೊಪ್ಪಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೆ ಮೈಸೂರಿನ ಮಿಲ್ಲೊಂದರಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ಒಂಟಿಕೊಪ್ಪಲಿನಲ್ಲಿ ಬಾಡಿಗೆ ಮನೆ ನೋಡಲು ಹಳ್ಳಿಯಿಂದ ಅಜ್ಜಿಯೂ ನಾನೂ ಜೊತೆಗೆ ಬಂದಿದ್ದೆವು. "ಮಿಲ್ಲು ಮುಚ್ಚೋದ್ರೆ ಏನ್ ತಿಂತೀಯ? ಊರಲ್ಲಾದ್ರೆ ರಾಗಿ ಅದೆ. ಇಲ್ಲಿ ಬರೀ ಕಳ್ರು ಕಣಪ್ಪ," ಎಂದು ಬಸ್ಸಿನಲ್ಲಿ ಕೂತಾಗಿನಿಂದ ಅಜ್ಜಿ ಗೊಣಗುತ್ತಲೇ ಇದ್ದಳು.

ಪಟ್ಟಣವನ್ನು ಪರೀಕ್ಷಿಸಲೆಂದೇ ಅವಳು ಬೆಳಿಗ್ಗೆ ತನ್ನ ಹಿತ್ತಾಳೆ ಚೊಂಬನ್ನು ಚಿನ್ನದಂತೆ ಬೆಳಗಿ ತಂದಿದ್ದಳು. ಅದನ್ನು ಬೇಕೆಂದೇ ನಾವು ನೋಡಲು ಹೋದ ಮನೆಯ ಜಗಲಿಯ ಮೇಲೆ ಬಿಟ್ಟು ಒಳಗೆ ಹೋದಳು. ಅಡುಗೆಮನೆ, ಬಚ್ಚಲು ಎಲ್ಲ ನೋಡಿಕೊಂಡು ಹೊರಗೆ ಬಂದಾಗ ಚೊಂಬು ಇರಲಿಲ್ಲ.

"ನೋಡ್ದಾ? ನಡಿ ಊರ್ಗೆ," ಎಂದಳು, ಗೆದ್ದವಳಂತೆ. ಅಪ್ಪ ತಲೆ ತಗ್ಗಿಸಿದರು. ನನಗೆ ಅಳುವೇ ಬಂತು. ತಿರುಗಿಸಿದರೆ ನೀರು ಬರುವ ನಲ್ಲಿಯನ್ನು ನಾನು ಆಗಷ್ಟೇ ನೋಡಿ ಬಂದಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಂದು ಕೈಯಲ್ಲಿ ನಮ್ಮ ಚೊಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ ಹಿಡಿದು ಬಂದರು. "ಬಿಸಿಲಲ್ಲಿ ಬಂದಿದ್ದೀರಮ್ಮ. ಚೊಂಬು ಖಾಲಿ ಇತ್ತು, ತಣ್ಣೀರು ತುಂಬ್ಕೊಂಡು ಬಂದೆ."

ಅಜ್ಜಿ ಬೆಲ್ಲ ಕಚ್ಚಿ, ಚೊಂಬೆತ್ತಿ ಗಟಗಟನೆ ಕುಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಿಲ್ಲಿನ ಸಂಬ್ಳ ಹೊಟ್ಟೆಗೆ ಸಾಕಾಯ್ತದಾ?"

"ನಮ್ಮನೆಯವರೂ ಅಲ್ಲೇ ಇರೋದು. ತಿಂಗಳ ಕೊನೇಲಿ ಕಷ್ಟಾನೇ. ಆದ್ರೆ ಈ ಬೀದೀಲಿ ಒಬ್ರ ಮನೇಲಿ ಅಕ್ಕಿ ಇಲ್ದಿದ್ರೆ ಇನ್ನೊಬ್ರು ಕೊಡ್ತಾರೆ."

ಹೊರಡುವಾಗ ಅಪ್ಪ ಚೊಂಬನ್ನು ಚೀಲಕ್ಕೆ ಹಾಕಲು ಹೋದರು. ಅಜ್ಜಿ ಅದನ್ನು ಇಸಿದುಕೊಂಡು ಆಕೆಯ ಕೈಗಿಟ್ಟಳು.

"ನಿನ್ ಮನೇಲೇ ಇರ್ಲಿ ಕಣಮ್ಮ. ಇನ್ನೊಂದ್ ವಾರಕ್ಕೆ ನಾವೇ ಬಂದ್ಬುಡ್ತೀವಲ್ಲ."