ಫೋರ್ಡಿಗೆ ಮೂರು ನಿಯಮ

"ನನ್ನ ಕಾರಿಗೆ ಮಾತ್ರ ಎರಡು ಅಕ್ಕಿಮುಡಿ ಯಾಕೆ ಮಾವ?"

ಧರ್ಣಪ್ಪ ನಿಯಮಗಳ ಹಾಳೆಯನ್ನು ಸೋದರಮಾವನ ಮೇಜಿನ ಮೇಲೆ ಬಡಿದ. ಮಾಯಿಲಪ್ಪ ತಲೆ ಎತ್ತಲಿಲ್ಲ. ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಅವರು. ಮೇಜಿನ ಸುತ್ತ ಮತದಾರರ ಪಟ್ಟಿಗಳು ಗುಡ್ಡೆ ಬಿದ್ದಿದ್ದವು. ಅದರ ಜೊತೆಗೆ ಗಣರಾಜ್ಯೋತ್ಸವದಂದು ಬಂಟ್ವಾಳದಿಂದ ಬೆಳ್ತಂಗಡಿಗೆ ನಡೆಯುವ ಕಾರ್ ರೇಸಿಗೆ ನಿಯಮ ಬರೆಯುವ ಕೆಲಸವೂ ಅವರ ತಲೆಗೇ ಬಿದ್ದಿತ್ತು.

"ನಿನ್ನ ಫೋರ್ಡಿಗೆ ಎಂಟು ಸಿಲಿಂಡರ್. ರಮಾನಾಥನ ಶೆವರ್ಲೆಗೆ ಆರು. ಬಲ ಹೆಚ್ಚಿದ್ದವ ಭಾರ ಹೊರಲಿ."

"ಇದು ನ್ಯಾಯವಾ?"

"ಎರಡನೇ ಬಹುಮಾನವೂ ಉಂಟು ಮಾರಾಯ. ಕಂಚಿನ ದೀಪ. ಅಕ್ಕಪಕ್ಕದವರಿಗೆ ತೋರಿಸಬಹುದು."

ಅದು ೧೯೬೨ರ ಜನವರಿ. ಬಂಟ್ವಾಳದಲ್ಲಿ ಬಾಡಿಗೆಗೆ ಸಿಗುತ್ತಿದ್ದ ದೊಡ್ಡ ಅಮೆರಿಕನ್ ಕಾರುಗಳು ಎರಡೇ. ಎರಡೂ ಹಳೆಯವು, ಎರಡನ್ನೂ ಮಾಲೀಕರೇ ಬಿಚ್ಚಿ, ತಿಕ್ಕಿ, ಜೋಡಿಸಿ ಹೊಸತು ಮಾಡಿದ್ದರು. ಊರು ಎರಡು ಹೋಳಾಗಿತ್ತು. ಚಾದಂಗಡಿಯಲ್ಲಿ ಫೋರ್ಡಿನವರಿಗೆ ಒಂದು ಬೆಂಚು, ಶೆವರ್ಲೆಯವರಿಗೆ ಇನ್ನೊಂದು. ತಪ್ಪಿ ಕುಳಿತವನ ಚಾ ತಣ್ಣಗಾಗಿಯೇ ಬರುತ್ತಿತ್ತು.

ಗೆದ್ದವನಿಗೆ ಸಿಗುವ ಬೆಳ್ಳಿಯ ಕಪ್ಪಿಗಿಂತ ದೊಡ್ಡದೊಂದು ಆಸೆ ಧರ್ಣಪ್ಪನಿಗಿತ್ತು. ಮುಂದಿನ ತಿಂಗಳು ಮದುವೆಗಳ ಸುಗ್ಗಿ. ರೇಸು ಗೆದ್ದ ಕಾರಿನಲ್ಲೇ ಇಳಿಯಬೇಕೆಂದು ಯಾವ ಮದುಮಗನಿಗೆ ಅನಿಸುವುದಿಲ್ಲ?

ಅವನೂ ಮೆಕ್ಯಾನಿಕ್ ಅಬ್ದುಲ್ ಮಜೀದನೂ ಕೂತು ಯೋಚಿಸಿದರು. ಹಿಂದಿನ ಸೀಟು ತೆಗೆದರು. ಸ್ಟೆಪ್ನಿ ಇಳಿಸಿದರು. ಬಾನೆಟ್ಟನ್ನೂ ಕಳಚಿದರು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಎರಡು ಅಕ್ಕಿಮುಡಿಗಳನ್ನು ಕಾರಿನ ತಲೆಯ ಮೇಲೆ ಹೇರಿದರೂ ಕಾರು ಮೊದಲಿನಷ್ಟೇ ಹಗುರ. ನೋಡಲು ಬಂದ ಮಾಯಿಲಪ್ಪನ ಮುಖ ಬಾಡಿತು.

ಮಾರನೇ ದಿನ ಎರಡನೇ ನಿಯಮ ಬಂತು. ಎಂಟು ಸಿಲಿಂಡರಿನ ಕಾರು ಮೂರು ನಿಮಿಷ ತಡವಾಗಿ ಹೊರಡತಕ್ಕದ್ದು.

"ಇದು ಯಾಕೆ?"

"ಧೂಳು. ಒಟ್ಟಿಗೆ ಹೊರಟರೆ ಜನರಿಗೆ ಏನು ಕಾಣುತ್ತದೆ?"

ಧರ್ಣಪ್ಪನ ತಾಯಿ ಸೇಸಮ್ಮ ಕೆರಳಿದಳು. ಒಡಹುಟ್ಟಿದ ಅಣ್ಣನೇ ರಮಾನಾಥನ ಪಾರ್ಟಿ ಸೇರಿದನಲ್ಲ! ವಾರಕ್ಕೊಮ್ಮೆ ಬಸ್ಸಿನಲ್ಲಿ ಅಣ್ಣನಿಗೆ ಹೋಗುತ್ತಿದ್ದ ಮೀನಿನ ಸಾರು ಅಂದೇ ನಿಂತಿತು. ಮಾಯಿಲಪ್ಪ ಅದನ್ನೂ ಸಹಿಸಿದರು. ನಿಯಮ ಮಾತ್ರ ಬದಲಾಗಲಿಲ್ಲ.

ಮೂರನೆಯದು ರೇಸಿನ ಹಿಂದಿನ ಸಂಜೆ ಬಂತು. ಎಂಟು ಸಿಲಿಂಡರಿನ ಕಾರಿನ ಚಾಲಕ ನಡುದಾರಿಯ ಪುಂಜಾಲಕಟ್ಟೆಯಲ್ಲಿ ರಿಜಿಸ್ಟರಿಗೆ ಸಹಿ ಹಾಕತಕ್ಕದ್ದು.

ಧರ್ಣಪ್ಪ ಈ ಸಲ ಯಾಕೆಂದು ಕೇಳಲಿಲ್ಲ. ಹಾಳೆಯನ್ನು ಎರಡು ಸಲ ಓದಿದ. "ಸಹಿ ಹಾಕಬೇಕು ಅಂತ ಉಂಟು," ಎಂದ ಮಜೀದನಿಗೆ. "ಕಾರು ನಿಲ್ಲಿಸಬೇಕು ಅಂತ ಇಲ್ಲ."

ಬೆಳಗ್ಗೆ ಬಂಟ್ವಾಳದಲ್ಲಿ ಶೆವರ್ಲೆ ಹೊರಟಿತು. ಧರ್ಣಪ್ಪ ಹಲ್ಲು ಕಚ್ಚಿ ಮೂರು ನಿಮಿಷ ಕಾದ. ಆಮೇಲೆ ಆಕ್ಸಿಲರೇಟರ್ ಒತ್ತಿದವನು ತಿರುವುಗಳಲ್ಲೂ ಕಾಲು ಸಡಿಲಿಸಲಿಲ್ಲ. ಪುಂಜಾಲಕಟ್ಟೆಯಲ್ಲಿ ಮೊದಲ ಬಸ್ಸಿಗೇ ಹೋಗಿದ್ದ ಮಜೀದ ಅಲ್ಲಿದ್ದ ಗುಮಾಸ್ತನಿಂದ ರಿಜಿಸ್ಟರನ್ನು ಇಸಿದುಕೊಂಡು ಎದೆಗವುಚಿ ನಿಂತಿದ್ದ. ಫೋರ್ಡ್ ತುಸು ನಿಧಾನವಾಯಿತು. ಮಜೀದ ಪಕ್ಕದಲ್ಲೇ ಓಡಿದ. ಧರ್ಣಪ್ಪ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದರಲ್ಲಿ ಕೋಳಿಕಾಲಿನ ಹಾಗೆ ಸಹಿ ಗೀಚಿದ. ಜನ ಬಿದ್ದು ಬಿದ್ದು ನಕ್ಕರು.

ಬೆಳ್ತಂಗಡಿಗೆ ಒಂದು ಮೈಲಿ ಇರುವಾಗ ಏರಿನಲ್ಲಿ ಶೆವರ್ಲೆ ಕಾಣಿಸಿತು. ರಮಾನಾಥ ನಡುರಸ್ತೆ ಬಿಟ್ಟುಕೊಡಲಿಲ್ಲ. ಧರ್ಣಪ್ಪ ಎಡಗಡೆಯ ಎರಡು ಚಕ್ರಗಳನ್ನು ಚರಂಡಿಗಿಳಿಸಿ ನುಗ್ಗಿದ. ಕಾರು ಕುಪ್ಪಳಿಸಿದ ರಭಸಕ್ಕೆ ಒಂದು ಮುಡಿ ಒಡೆದು, ಹಿಂದೆ ಬಿದ್ದ ರಮಾನಾಥನ ಗಾಜಿನ ಮೇಲೆ, ಕಿಟಕಿಯೊಳಗೆಲ್ಲ ಅಕ್ಕಿ ಸುರಿಯಿತು. ಮದುಮಗನಿಗೆ ಅಕ್ಷತೆ ಹಾಕಿದ ಹಾಗೆ.

ಬೆಳ್ತಂಗಡಿಯ ಮೈದಾನಕ್ಕೆ ಮೊದಲು ನುಗ್ಗಿದ್ದು ಫೋರ್ಡ್. ಚಪ್ಪಾಳೆ ಮುಗಿಯುವ ಮೊದಲೇ ಮಾಯಿಲಪ್ಪ ಓಡಿಬಂದರು. "ಮುಡಿ ಒಡೆದಿದೆ! ಗೆಲುವು ರದ್ದು! ಶೆವರ್ಲೆಯೇ ಮೊದಲು!"

"ಮುಡಿ ಒಡೆಯಬಾರದು ಅಂತ ನಿಯಮ ಉಂಟೋ ಮಾಯಿಲಪ್ಪನವರೇ?" ಮುಖ್ಯ ಅತಿಥಿಯಾಗಿ ಕುಳಿತಿದ್ದ ತಹಶೀಲ್ದಾರರು ಕೇಳಿದರು.

ಮಾಯಿಲಪ್ಪ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲ ಸ್ವಾಮಿ," ಎಂದರು, ಅಳುವವರಂತೆ.

ಧರ್ಣಪ್ಪ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮಾವನ ಜೋತುಬಿದ್ದ ಮುಖ ಕಂಡು ಅವನ ಎದೆ ಇನ್ನಷ್ಟು ಉಬ್ಬಿತು.

"ಇನ್ನು ಆ ಕಾಗದ ಕೊಡಿ," ಎಂದರು ತಹಶೀಲ್ದಾರರು.

ಮಾಯಿಲಪ್ಪ ಕೋಟಿನ ಒಳಜೇಬಿನಿಂದ ಮೊಹರು ಒತ್ತಿದ ಕಾಗದ ತೆಗೆದು ಅಳಿಯನ ಕೈಗಿತ್ತರು. ಪ್ರಶಸ್ತಿಪತ್ರವೆಂದುಕೊಂಡ ಧರ್ಣಪ್ಪ ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದತೊಡಗಿದ: "ತಾಲೂಕಿನ ಗುಡ್ಡದ ದಾರಿಗಳಿಗೆ ಅತ್ಯಂತ ಸಮರ್ಥವೆಂದು ಈ ಸ್ಪರ್ಧೆಯಿಂದ ಕಂಡುಬಂದ ಕಾರನ್ನು, ನಾಳೆಯಿಂದ ಚುನಾವಣೆ ಮುಗಿಯುವ ತನಕ, ಸರಕಾರದ ಕೆಲಸಕ್ಕೆ ವಶಪಡಿಸಿಕೊಳ್ಳಲಾಗಿದೆ..."

ಕೂದಲಿನಿಂದ ಅಕ್ಕಿ ಕೊಡವುತ್ತಿದ್ದ ರಮಾನಾಥನ ಮುಖ ನಿಧಾನವಾಗಿ ಅರಳಿತು.

ಮಾಯಿಲಪ್ಪ ಅಳಿಯನ ಕಿವಿಯ ಬಳಿ ಬಗ್ಗಿದರು: "ಕಚೇರಿಯ ಗುಟ್ಟು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಇದನ್ನು ರಮಾನಾಥನ ಕೈಗೆ ಕೊಡಿಸಲು ಹದಿನೈದು ದಿನದಿಂದ ಒದ್ದಾಡಿದೆ ಮಾರಾಯ, ನೀನು ಬಿಡಬೇಕಲ್ಲ!"