ರಾಣಿ, ಪಾಪ

ಎರಡನೆಯ ಏಟಿಗೆ ಶ್ರೀಕಂಠನ ಮುಂಗೈ ಮೂಳೆ ಲಟಕ್ಕೆಂದಿತು. ಬಾಬ್ಜಿ ಜಾಕಿ ರಾಡಿನ ತುದಿಯನ್ನು ಅವನ ಗದ್ದಕ್ಕೆ ಒತ್ತಿ, ಮೊದಲು ಕೇಳಿದ್ದನ್ನೇ ಮತ್ತೆ ಕೇಳಿದ.

"ನಿನಗೆ ಹೇಳಿದ್ದು ಯಾರು?"

ಏನನ್ನು ಹೇಳಿದ್ದು ಎಂದು ಮಾತ್ರ ಪುಣ್ಯಾತ್ಮ ಬಾಯಿ ಬಿಡುತ್ತಿರಲಿಲ್ಲ.

ಶ್ರೀಕಂಠ ಮೈಸೂರು ಕಡೆಯ ಬ್ಯಾಂಕ್ ಅಧಿಕಾರಿ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು, ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿ ಆರು ವರ್ಷ. ಕಡತ ನೋಡಿಕೊಂಡು ತೆಪ್ಪಗಿರಬಹುದಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ. ಯುರೋಪಿನ ರಾಜರನ್ನೂ ಅವರ ವಾರಸುದಾರರನ್ನೂ ಗೇಲಿ ಮಾಡುವ ಹಳೇ ಅಚ್ಚುಚಿತ್ರಗಳ ಹುಚ್ಚು ಅವನಿಗೆ. ಅವುಗಳ ಪ್ರತಿಗಳಿಗೆ ಕಟ್ಟು ಹಾಕಿಸಿ, ರೈಲಿನಲ್ಲಿ ಹೊತ್ತು ತಂದು, ವಿಜಯವಾಡದ ಒಂದು ಕಲ್ಯಾಣಮಂಟಪದಲ್ಲಿ ಪ್ರದರ್ಶನಕ್ಕೆಂದು ತೂಗುಹಾಕಿದ್ದ.

ಮಂಟಪ ಬಾಬ್ಜಿಯ ಮನೆತನದ್ದು. ಲಾರಿ ಸಾಹುಕಾರ ಜಗನ್ಮೋಹನರಾಯರ ಒಬ್ಬನೇ ಮಗ ಅವನು. ರಾಯರು ತೀರಿಕೊಂಡು ತಿಂಗಳಾಗಿರಲಿಲ್ಲ. ಮಂಟಪ, ಲಾರಿ, ಇಂದ್ರಕೀಲಾದ್ರಿ ಬೆಟ್ಟದ ಬುಡದ ಈ ಲಾರಿ ಶೆಡ್ಡು, ಅದರ ಬೆನ್ನಿಗಂಟಿದ ಮನೆ, ಎಲ್ಲವೂ ತಾಯಿ ಕೋಟೇಶ್ವರಮ್ಮನ ಹೆಸರಿನಲ್ಲಿದ್ದವು. ಸೋಮವಾರ ಆಕೆ ಅಷ್ಟನ್ನೂ ಮಗನಿಗೆ ಬರೆದುಕೊಡುವವಳಿದ್ದಳು.

ಬೆಳಿಗ್ಗೆ ಬಾಬ್ಜಿ ಮಂಟಪಕ್ಕೆ ಬಂದವನು ಒಂದು ಚಿತ್ರದ ಮುಂದೆ ನಿಂತುಬಿಟ್ಟ. ಇಂಗ್ಲೆಂಡಿನ ರಾಣಿ ಹೆತ್ತಳೆಂದು ತೋರಿಸಿದ ಗಂಡುಕೂಸು ಅವಳದ್ದಲ್ಲ, ಹಾಸಿಗೆ ಬೆಚ್ಚಗಾಗಿಸುವ ಕೆಂಡದ ಬೋಗುಣಿಯಲ್ಲಿ ಸೂಲಗಿತ್ತಿ ಅಡಗಿಸಿ ತಂದದ್ದು ಎಂಬ ಗುಲ್ಲಿನ ಚಿತ್ರ. ಅದರ ಕತೆಯನ್ನು ಶ್ರೀಕಂಠನೇ ಉತ್ಸಾಹದಿಂದ ವಿವರಿಸಿದ. ಕೆಳಗೆ ಅವನೇ ಕನ್ನಡದಲ್ಲಿ "ರಾಣಿ, ಪಾಪ" ಎಂದು ಬರೆದಿದ್ದ. ಬಾಬ್ಜಿ ಅದನ್ನು ಅಕ್ಷರ ಕೂಡಿಸಿ ಓದಿದ. ಮುಖ ಬೆವತಿತು. ಅರ್ಧ ಗಂಟೆಯಲ್ಲಿ ಅವನ ಆಳುಗಳು ಶ್ರೀಕಂಠನನ್ನು ಶೆಡ್ಡಿಗೆ ತಂದು ಕೆಡವಿ, ಶಟರ್ ಎಳೆದು ಹೋದರು.

"ಸೂಲಗಿತ್ತಿ ಹೇಳಿದಳಾ?"

ಚಿತ್ರದ ಸೂಲಗಿತ್ತಿಯ ಮಾತೆಂದೇ ಶ್ರೀಕಂಠ ತಿಳಿದ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಬಿಟ್ಟಾನು ಎಂಬ ಆಸೆ.

"ಅವಳೊಬ್ಬಳೇ ಅಲ್ಲ ಬಾಬ್ಜಿಗಾರು. ಊರಿಗೆಲ್ಲಾ ಗೊತ್ತಿತ್ತು."

ಮೂರನೆಯ ಏಟು ಮೊಣಕಾಲಿಗೆ ಬಿತ್ತು. ಶ್ರೀಕಂಠ ಆಯಿಲ್ ಹರಿದ ನೆಲದಲ್ಲಿ ಮಗುಚಿಬಿದ್ದು ಕಿರುಚಿದ. ಬಾಬ್ಜಿ ಅವನ ಕೂದಲು ಹಿಡಿದೆತ್ತಿದ. ಇಷ್ಟು ಹೊತ್ತು ಅದುಮಿಟ್ಟಿದ್ದು ಒಡೆದು ಹೊರಬಂತು.

"ಊರಿಗೆಲ್ಲಾ? ಅಪ್ಪ ಪ್ರಾಣ ಬಿಡುವಾಗ ನನಗೊಬ್ಬನಿಗೇ ಹೇಳಿದ್ದು! ಅಮ್ಮನಿಗೆ ಹುಟ್ಟಿದ್ದು ಪಾಪ, ಅದನ್ನ ಸಾಗಹಾಕಿ ನನ್ನನ್ನ ತಂದು ಪಕ್ಕದಲ್ಲಿ ಮಲಗಿಸಿದರು ಅಂತ. ಅದನ್ನ ನೀನು ನನ್ನ ಗೋಡೆ ಮೇಲೆ ಬರೆದು ತೂಗುಹಾಕ್ತೀಯಾ?"

ಆಗ ಶ್ರೀಕಂಠನಿಗೆ ಹೊಳೆಯಿತು. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಕೂಸು. ಅಯ್ಯೋ ಎನ್ನುವ ಕನಿಕರಕ್ಕೆ ಅವರು ಕೊನೆಗೊಂದು ಸೊನ್ನೆ ಇಟ್ಟು ಪಾಪಂ ಎನ್ನುತ್ತಾರೆ. ಲಿಪಿಗಳೋ ಅಕ್ಕತಂಗಿಯರು, ಇವರದ್ದು ಅವರಿಗೆ ಓದಲು ಬರುತ್ತದೆ. ಒಂದು ಸೊನ್ನೆಗಾಗಿ ಕೈ ಮುರಿದಿತ್ತು, ಕಾಲು ಮುರಿದಿತ್ತು.

"ಅದು ಕನ್ನಡ, ಬಾಬ್ಜಿಗಾರು," ಎಂದು ಅವನು ಅಳುತ್ತಾ ಹೇಳಿದ. "ರಾಣಿಯನ್ನ ನೋಡಿ ಪಾಪಂ ಅನ್ನಿಸಿತು, ಬರೆದೆ. ನಿಮ್ಮ ಮನೆ ವಿಷಯ ನನಗೇನೂ ಗೊತ್ತಿರಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಬಾಬ್ಜಿಯ ಕತೆ. ಅವನು ಕೂದಲು ಬಿಟ್ಟ. ಗೊತ್ತಿರಲಿಲ್ಲ, ಸರಿ. ಈಗ ಗೊತ್ತಾಯಿತಲ್ಲ. ಅವನು ರಾಡನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದ. ಶ್ರೀಕಂಠ ಕಣ್ಣು ಮುಚ್ಚಿದ.

ಏಟು ಬೀಳಲಿಲ್ಲ. ಕಣ್ಣು ತೆರೆದರೆ, ಮನೆಯ ಕಡೆಯ ಬಾಗಿಲಲ್ಲಿ ಕೋಟೇಶ್ವರಮ್ಮ. ಕಿರುಚಾಟ ಕೇಳಿ ಬಂದವಳು, ಬಂದು ಎಷ್ಟು ಹೊತ್ತಾಗಿತ್ತೋ. ಆಕೆ ನೆತ್ತರಿನ ಕಡೆ ನೋಡಲಿಲ್ಲ. ನೆಟ್ಟಗೆ ನಡೆದು ಬಂದು, ಇಪ್ಪತ್ತೊಂಬತ್ತು ವರ್ಷ "ಏರಾ ನಾನ್ನಾ" ಎಂದು ಮುದ್ದಿನಿಂದ ಕರೆದವನ ಎದುರು ನಿಂತು, ದಾರಿ ಕೇಳುವ ಅಪರಿಚಿತಳ ಮರ್ಯಾದೆಯಲ್ಲಿ ಕೇಳಿದಳು:

"ನನ್ನ ಮಗಳು ಎಲ್ಲಿದ್ದಾಳೆ, ನಿಮಗೇನಾದರೂ ಗೊತ್ತಾ?"