ಅತ್ತಿಗೆಯ ಆರತಿ

ಮದುವೆಮನೆಗಳಲ್ಲಿ ಹೂ ಕಟ್ಟುತ್ತ ಹೆಂಗಸರು ದನಿ ತಗ್ಗಿಸಿ ಹೇಳಿಕೊಳ್ಳುವ ಕಥೆಯಿದು.

ಇಪ್ಪತ್ತೆಂಟರ ಹಿರಿಸೊಸೆ ಕ್ಯಾನ್ಸರಿನಿಂದ ಉಳಿದು ಬಂದಿದ್ದಳು. ತಲೆಯಲ್ಲಿ ಕೂದಲಿನ್ನೂ ಚಿಗುರಿರಲಿಲ್ಲ. ನಾದಿನಿಯ ಮದುವೆಯಲ್ಲಿ ತಾನೇ ಆರತಿ ಎತ್ತಬೇಕೆಂಬುದು ಆಸ್ಪತ್ರೆಯಲ್ಲೂ ಅವಳು ಬಿಡದ ಆಸೆ. ತಟ್ಟೆ ಹಿಡಿದು ಮಂಟಪದತ್ತ ಬಂದಾಗ ಅತ್ತೆ ತಡೆದರು.

"ಹಿಂದೆ ಹೋಗಿ ಕೂತ್ಕೊ. ಶುಭಕಾರ್ಯದಲ್ಲಿ ಬೋಳುತಲೆ ಎದುರಿಗೆ ಬರಬಾರ್ದು."

ಮೊಗ್ಗಿನ ಜಡೆ ಹಾಕಿಕೊಂಡು ಕುಳಿತಿದ್ದ ಮದುಮಗಳು ಕಿಸಕ್ಕನೆ ನಕ್ಕಳು. "ಫೋಟೋಕ್ಕೂ ಬರ್ಬೇಡಿ ಅತ್ತಿಗೆ, ಆಲ್ಬಮ್ ಹಾಳಾಗತ್ತೆ."

"ನನ್ನದು ಏನೂ ಮಂಟಪದಲ್ಲಿ ಇರಬಾರ್ದಾ ಅತ್ತೆ?"

"ನಿನ್ನ ನೆರಳೂ ಬೇಡ."

ಸೊಸೆ ತಟ್ಟೆ ಕೆಳಗಿಟ್ಟಳು. ಮದುಮಗಳ ಬೆನ್ನ ಹಿಂದೆ ನಿಂತು ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು. ಕಿಮೋಗೆ ಮೊದಲು ತಾನೇ ಕತ್ತರಿಸಿ ಅವಳಿಗೆ ಚೌರಿ ಮಾಡಿಸಿಕೊಟ್ಟಿದ್ದ ಮಾರುದ್ದದ ಕೂದಲನ್ನು ಹೂವಿನ ಸಮೇತ ಬಿಡಿಸಿಕೊಂಡು, ಅತ್ತೆ ಹೇಳಿದಂತೆಯೇ ಹಿಂದಿನ ಸಾಲಿಗೆ ಹೋಗಿ ಕುಳಿತಳು.